ಸೊಳ್ಳೆ ಪಾತ್ರಧಾರಿಯ ಅರಿಕೆ

ಯುವಕ ಮಂಡಲದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ
ಒಂದೇ ಶಬ್ದ: ಸೊಳ್ಳೆ.
ಡಾಕ್ಟರನ ಪಾತ್ರ ಐವನನಿಗೆ, ಅವನಲ್ಲಿ ಬಿಳಿ ಅಂಗಿ ಉಂಟು.
ರೋಗಿ ನೌಫಲ್, ಅವ ಹೇಗೂ ಸಪೂರ.
ನಾನು ದಢೂತಿ. ಅದಕ್ಕೇ ಸೊಳ್ಳೆ.
"ಜನ ನಗಬೇಕು ಮಾರಾಯ," ಎಂದ ಲೀಲಾಧರಣ್ಣ,
"ನಕ್ಕ ಬಾಯಿಗೆ ಮದ್ದು ಹಾಕುವುದು ಸುಲಭ."

ಹರಿದ ಕೊಡೆಯ ಕಡ್ಡಿ ಬಿಚ್ಚಿ ರೆಕ್ಕೆ,
ಪೈಪಿನ ತುಂಡು ಮೂಗಿಗೆ,
ಕಾಲಿಗೆ ಸುಣ್ಣದ ಪಟ್ಟೆ ಎಳೆಯುವಾಗ
ಆಶಾ ಕಾರ್ಯಕರ್ತೆ ಪ್ರಮೀಳಕ್ಕ ಬಂದರು:
"ಪಟ್ಟೆ ಡೆಂಗಿಯದ್ದು, ಇದು ಮಲೇರಿಯದ್ದು. ಒರೆಸು.
ಇದು ಕೂರುವುದು ಹಿಂಭಾಗ ಎತ್ತಿ.
ಮತ್ತೆ, ಕಚ್ಚುವುದು ಹೆಣ್ಣು ಮಾತ್ರ, ಗೊತ್ತುಂಟಲ್ಲ?"
ಅಲ್ಲಿಗೆ ನನ್ನದು ಸ್ತ್ರೀವೇಷವೂ ಆಯಿತು.

ಬಂದರಿನಿಂದ ಬೆಂಗ್ರೆಗೆ ಫೆರಿ.
ರೆಕ್ಕೆ ಮಡಚಿ, ಮೀನಿನ ಬುಟ್ಟಿಗಳ ನಡುವೆ ನಿಂತೆ.
ಟಿಕೆಟಿನವ ನನ್ನ ಮೂಗು ನೋಡಿ
ಏನೂ ಕೇಳದೆ ಚಿಲ್ಲರೆ ಕೊಟ್ಟ.

ಬಲೆ ಹೆಣೆಯುವ ಶೆಡ್ಡಿನ ಎದುರು
ಚೆಂಡೆಯ ಮೊದಲ ಪೆಟ್ಟಿಗೆ ನಾಯಿಗಳು ಓಡಿದವು,
ಎರಡನೆಯದಕ್ಕೆ ಮಕ್ಕಳು ಬಂದರು.
"ಉಮಿಲ್! ಉಮಿಲ್!"
ತುಳುವಿನಲ್ಲಿ ಕಚ್ಚಿದೆ, ಬ್ಯಾರಿಯಲ್ಲಿ ಕಚ್ಚಿದೆ,
ಬ್ಯಾನರಿನವರಿಗಾಗಿ ಕನ್ನಡದಲ್ಲಿ ಸತ್ತೆ.
ಎಲ್ಲರೂ ಹಾಡಿದೆವು: ಮಗುಚಿ ಹಾಕಿ ಡ್ರಮ್ಮು,
ಮಗುಚಿ ಹಾಕಿ ಬಾಲ್ದಿ, ಹಳೇ ಟಯರು.

ಆಗ ಎದ್ದು ನಿಂತದ್ದು ಬೀಪಾತುಮ್ಮ.
"ನೀರು ಬರುವುದು ಮೂರು ದಿನಕ್ಕೊಮ್ಮೆ.
ಡ್ರಮ್ಮು ಮಗುಚಿದ ಮೇಲೆ
ಅನ್ನಕ್ಕಿಡುವ ನೀರು
ನಿನ್ನ ಮೂಗಿನಿಂದ ಬರ್ತದಾ?"

ನಗು ನಮ್ಮ ಲೆಕ್ಕ ತಪ್ಪಿ ಎದ್ದಿತು.
ಡಾಕ್ಟರ್ ಐವನ್ ಅಂಗಿಯ ಗುಂಡಿ ಎಣಿಸಿದ.
ಚೆಂಡೆಯ ಕೋಲು ಗಾಳಿಯಲ್ಲೇ ಉಳಿಯಿತು.
ಸತ್ತು ಬಿದ್ದಿದ್ದ ನಾನು
ಒಂದು ಕಣ್ಣು ತೆರೆದು ನೋಡಿದೆ:
ನಾಟಕದಲ್ಲಿ ಇದಕ್ಕೆ ಮಾತೇ ಇಲ್ಲ.

ಮರಳಿ ಬರುವ ಫೆರಿಯಲ್ಲಿ ಯಾರೂ ಮಾತಾಡಲಿಲ್ಲ.
ಲೀಲಾಧರಣ್ಣ ಕಾಗದ ಹರಿದು ಹೊಳೆಗೆ ಹಾಕಹೊರಟ,
ಪ್ರಮೀಳಕ್ಕ ಬೈದ ಮೇಲೆ ಕಿಸೆಗೆ ತುರುಕಿದ.

ಮುಂದಿನ ಆಟದಲ್ಲಿ ಬೀಪಾತುಮ್ಮನೇ ಪಾತ್ರ.
ರಿಹರ್ಸಲಿಗೆ ಬರಲಿಲ್ಲ, ಮಾತು ದಿನಕ್ಕೊಂದು.
ಡ್ರಮ್ಮಿನ ಬಾಯಿಗೆ ಹಳೆ ಲುಂಗಿ ಬಿಗಿದು
"ಇದು ನನ್ನ ಗಂಡನದ್ದು, ಈಗಾದರೂ ಉಪಯೋಗಕ್ಕೆ ಬಂತು" ಎನ್ನುವಳು.
ಹಿಡಿಸೂಡಿಯಲ್ಲಿ ನನಗೆ ಹೊಡೆಯುವುದು ಮಾತ್ರ ನಿಜ.
ನೀರಿನ ಆಫೀಸಿನ ಗೇಟಿನೆದುರೂ ಆಡಿದೆವು.
ಕಿಟಕಿಯೊಂದು ತೆರೆಯಿತು, ಮುಚ್ಚಿತು.
ನೀರು ಈಗಲೂ ಮೂರು ದಿನಕ್ಕೊಮ್ಮೆ.

ಆಟಿಯಲ್ಲಿ, ಬಿಜೈಯ ಕಡೆ, ಏಳುತ್ತಿದ್ದ ಹನ್ನೊಂದು ಮಾಳಿಗೆ.
ಲಿಫ್ಟಿನ ಗುಂಡಿಯಲ್ಲಿ ಸೊಂಟದವರೆಗೆ ನೀರು.
ಅಲ್ಲಿಯ ಹುಡುಗರಿಗೆ ನಮ್ಮ ಯಾವ ಭಾಷೆಯೂ ಬಾರದು;
ಚೆಂಡೆಗೆ ತಲೆ ಆಡಿಸಿದರು, ಅಷ್ಟೆ.
ಸಿಮೆಂಟು ಚೀಲ ಹೊದ್ದು ಒಬ್ಬ ನಡುಗುತ್ತಿದ್ದ,
ಜಾರ್ಖಂಡಿನವ, ಲಖನ್ ಮುರ್ಮು.
ವೇಷ ಕಳಚಲು ಪುರುಸೊತ್ತಾಗಲಿಲ್ಲ.
ಸ್ಕೂಟರಿನಲ್ಲಿ ಎದುರು ಸೊಳ್ಳೆ,
ಸೊಳ್ಳೆಯ ಸೊಂಟ ತಬ್ಬಿ ಹಿಂದೆ ಜ್ವರ;
ಸಿಗ್ನಲ್ಲಿನಲ್ಲಿ ಪೊಲೀಸ್ ಸೀಟಿ ಊದುವುದನ್ನೂ ಮರೆತ.

"ಕಚ್ಚಿದ್ದು ಇವನಾ?" ಕೇಳಿದಳು ನರ್ಸು.
ಬೆರಳು ಚುಚ್ಚಿದಾಗ ಲಖನ್
ಗಟ್ಟಿ ಹಿಡಿದದ್ದು ನನ್ನ ರೆಕ್ಕೆಯ ಕಡ್ಡಿ.
ಗಾಜಿನ ಮೇಲೆ ಒಂದು ಹನಿ ರಕ್ತ.
ನೂರು ಸಲ ಹೀರಿದಂತೆ ನಟಿಸಿದ್ದೆ,
ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅವ ಹದಿನಾಲ್ಕು ದಿನ ಗುಳಿಗೆ ನುಂಗಿ ಕೆಲಸಕ್ಕೆ ಹೋದ.
ಕಡ್ಡಿ ಬಗ್ಗಿದ ರೆಕ್ಕೆ ಮಂಡಲದ ಗೋಡೆಗೆ.

ನಿನ್ನೆ ಸಂಜೆ ಅದರ ಮೇಲೆ
ನಿಜವಾದದ್ದೊಂದು ಬಂದು ಕೂತಿತು,
ಹಿಂಭಾಗ ಎತ್ತಿ.
ಕೈ ಎತ್ತಿದವ ತಡೆದೆ,
ಕಾಲು ಊರುವ ಬಗೆ ನೋಡಿಕೊಂಡೆ.
ಇಷ್ಟು ದಿನ ನಾನು ಕೂತದ್ದು ತಪ್ಪು.
ಆಮೇಲೆ ಹೊಡೆದೆ.